ಎಂಟು ದಿನದ ಅನ್ನ, ಒಂಬತ್ತನೆಯ ದಿನದ ಸೂರು

ಮಳೆ ಬಿಟ್ಟು ಅಂಗಳಗಳಿಗೆ ಅಡಿಕೆ ಬಿದ್ದಿರುವ ದಿನಗಳು. ಚಾರ್ಮಾಡಿ ಘಟ್ಟದ ಬುಡದ ಈ ಹಳ್ಳಿಯ ತೋಟಗಳೊಳಗೆ ಸಂಜೆ ಐದೂವರೆಗೇ ಕತ್ತಲು ಇಳಿಯುತ್ತದೆ. ಆ ಹೊತ್ತಿನಲ್ಲಿ ನಾಲ್ಕು ಜನ ಮನೆಯಿಂದ ಮನೆಗೆ ನಡೆಯುತ್ತಿದ್ದಾರೆ. ಮುಂದೆ ಟಾರ್ಚು ಹಿಡಿದ ನಿವೃತ್ತ ಮಾಷ್ಟ್ರು. ಅವರ ಬೆನ್ನಿಗೆ ಭಜನಾ ಮಂದಿರದ ಅಧ್ಯಕ್ಷರು. ಜೊತೆಗೆ ಊರಿನ ಸ್ವಸಹಾಯ ಸಂಘಗಳ ಲೆಕ್ಕ ನೋಡುವ ಸೇವಾ ಪ್ರತಿನಿಧಿ ಹುಡುಗಿ, ಅವಳ ಹೆಗಲ ಚೀಲದಲ್ಲಿ ರಶೀದಿ ಪುಸ್ತಕ. ಎಲ್ಲರಿಗಿಂತ ಹಿಂದೆ, ಯಾರ ಅಂಗಳಕ್ಕೂ ತಾನು ಮೊದಲು ಕಾಲಿಡದೆ, ನಲವತ್ತರ ಆಸುಪಾಸಿನ ಒಬ್ಬ ಗಂಡಸು. ಅಡಿಕೆ ಮರ ಏರಿ ಮದ್ದು ಬಿಡುವುದು, ಗೊನೆ ಕೊಯ್ಯುವುದು ಅವನ ಕೆಲಸ. ಹೋದ ವರ್ಷದವರೆಗೆ ಇದೇ ದಾರಿಯ ಮೋರಿಯ ಪಕ್ಕ ಅವನು ಬಿದ್ದಿದ್ದುದನ್ನು ಈ ಮನೆಗಳವರೆಲ್ಲ ಕಂಡಿದ್ದಾರೆ.

"ಎಂತ ಮಾಷ್ಟ್ರೇ, ಈ ಹೊತ್ತಿಗೆ?"

"ಮದ್ಯವರ್ಜನ ಶಿಬಿರ ಉಂಟಲ್ಲ ಭಟ್ರೇ, ಬರುವ ಆದಿತ್ಯವಾರದಿಂದ. ನಿಮ್ಮಿಂದ ಏನಾದರೂ ಆಗಬೇಕು."

ಭಟ್ಟರು ಅಡಿಕೆ ಹರಗುತ್ತಿದ್ದ ಕೈ ನಿಲ್ಲಿಸುತ್ತಾರೆ. "ಕೊಡುವುದಕ್ಕೆ ನನಗೇನೂ ಇಲ್ಲ ಅಂತ ಅಲ್ಲ. ಆದರೆ ಕುಡಿಯುವವರಿಗೆ ನಾವು ಎಂಟು ದಿನ ಊಟ ಹಾಕಿದರೆ ಅವರು ಬಿಡ್ತಾರಾ?"

ಮಾಷ್ಟ್ರು ಉತ್ತರಿಸುವುದಿಲ್ಲ, ಹಿಂದಕ್ಕೆ ತಿರುಗಿ ನೋಡುತ್ತಾರೆ. ಅಂಗಳದ ಅಂಚಿನಲ್ಲಿದ್ದವನು ಎರಡು ಹೆಜ್ಜೆ ಮುಂದೆ ಬಂದು, "ನಾನು ಬಿಟ್ಟೆ ಭಟ್ರೇ, ಹೋದ ಸಲದ ಶಿಬಿರದಲ್ಲಿ" ಅನ್ನುತ್ತಾನೆ. ಭಟ್ಟರು ಅವನನ್ನು ಒಂದು ಗಳಿಗೆ ನೋಡಿ ಒಳಗೆ ಹೋಗುತ್ತಾರೆ. ಹೊರಗೆ ಬಂದಾಗ ಕೈಯಲ್ಲಿ ಎರಡು ಸಾವಿರ ರೂಪಾಯಿ. "ಐವತ್ತು ತೆಂಗಿನಕಾಯಿಯನ್ನೂ ತೆಗೆದಿಟ್ಟಿರ್ತೇನೆ, ಜೀಪು ಕಳಿಸಿ" ಅನ್ನುತ್ತಾರೆ.

ಮುಂದಿನದು ಹೆಂಚಿನ ಸಣ್ಣ ಮನೆ. ಜಗಲಿಯ ದೀಪದ ಕೆಳಗೆ ಒಬ್ಬಾಕೆ ಗೆರಸೆಯಲ್ಲಿ ಎಲೆ, ಹೊಗೆಸೊಪ್ಪು ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಾಳೆ. ಕೇಳುವ ಮೊದಲೇ ಎದ್ದು ನೂರು ರೂಪಾಯಿ ತರುತ್ತಾಳೆ. ರಶೀದಿ ಹರಿದು ಕೊಡುವಾಗ ಸೇವಾ ಪ್ರತಿನಿಧಿಯ ಕಿವಿಯ ಹತ್ತಿರ ಬಾಗಿ, "ಇವರ ಹೆಸರೂ ಬರೆದುಕೊಳ್ಳಿ ಅಕ್ಕಾ. ಬರ್ತೇನೆ ಅಂದಿದ್ದಾರೆ. ಬೆಳಿಗ್ಗೆ ಅಂದದ್ದು" ಎನ್ನುತ್ತಾಳೆ. ಬೆಳಗ್ಗಿನ ಮಾತೆಂದರೆ ಕುಡಿಯುವ ಮೊದಲಿನ ಮಾತು, ಅದಕ್ಕೆ ಬೆಲೆಯಿದೆ ಎಂಬುದು ಇಬ್ಬರಿಗೂ ಗೊತ್ತು. ಹೆಗಲ ಚೀಲದಿಂದ ಇನ್ನೊಂದು ಪುಸ್ತಕ ಹೊರಬರುತ್ತದೆ. ಒಂದರಲ್ಲಿ ಕೊಟ್ಟವರ ಹೆಸರು, ಇನ್ನೊಂದರಲ್ಲಿ ಶಿಬಿರಕ್ಕೆ ಬರುವವರ ಹೆಸರು. ಈ ಮನೆಯ ಹೆಸರು ಎರಡರಲ್ಲೂ ಇದೆ.

ಇಂಥ ಸಂಜೆಗಳು ಹಲವು. ಪೇಟೆಯ ಬ್ಯಾರಿಯವರ ಅಂಗಡಿಯಿಂದ ಒಂದು ಮೂಟೆ ನೀರುಳ್ಳಿ. ಇಗರ್ಜಿಯಿಂದ ಚಾಪೆ, ಹೊದಿಕೆ. ಹಾಲಿನ ಸೊಸೈಟಿಯಿಂದ ದಿನಕ್ಕಿಷ್ಟು ಹಾಲು. ಶಾಮಿಯಾನದವರು ಬಾಡಿಗೆಯಲ್ಲಿ ಅರ್ಧ ಬಿಟ್ಟರು. ಮೈಕಿನವನು ಪೂರ್ತಿ ಬಿಟ್ಟ, ಅವನ ಅಪ್ಪ ಕುಡಿದೇ ಸತ್ತವನು. ಪೇಟೆಯ ಬಾರಿನ ಮುಂದೆ ಮಾತ್ರ ಈ ನಾಲ್ವರು ನಿಲ್ಲುವುದಿಲ್ಲ. ಅಲ್ಲಿಗೆ ಬಂದಾಗ ಹಿಂದಿನವನು ಮುಂದಕ್ಕೆ ಬಂದು ಮಾಷ್ಟ್ರ ಮಗ್ಗುಲಲ್ಲಿ ನಡೆಯುತ್ತಾನೆ.

ಈ ಶಿಬಿರಗಳ ಕತೆ ಹಳೆಯದು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಶುರುವಾಯಿತು. ಬೆಳ್ತಂಗಡಿ ತಾಲ್ಲೂಕಿನ ಹಳ್ಳಿಗಳಲ್ಲಿ ಗದ್ದೆ, ತೋಟ, ಮನೆ ಎಂದು ಎಷ್ಟೇ ನೆರವು ಕೊಟ್ಟರೂ ಸಂಜೆಯ ಹೊತ್ತಿಗೆ ಅದು ಗಡಂಗಿನ ಗಲ್ಲಾಪೆಟ್ಟಿಗೆ ಸೇರುತ್ತಿತ್ತು. ಅದನ್ನು ತಡೆಯಲೆಂದು ತೊಂಬತ್ತರ ದಶಕದ ಆರಂಭದಲ್ಲಿ ಹುಟ್ಟಿದ ಜನಜಾಗೃತಿ ವೇದಿಕೆ ಊರೂರಿನಲ್ಲಿ ಶಿಬಿರ ನಡೆಸುವ ಕ್ರಮ ತಂದಿತು. ನಾಡಿನ ಬೇರೆ ಬೇರೆ ಜಿಲ್ಲೆಗಳಲ್ಲಿ ಇಂಥ ಶಿಬಿರಗಳು ಈವರೆಗೆ ಸಾವಿರಕ್ಕೂ ಹೆಚ್ಚು ನಡೆದಿವೆ. ತಮಿಳುನಾಡಿನಲ್ಲೂ ಇಂಥದೇ ಯತ್ನ ನಡೆದಿತ್ತು. ಗಂಡನನ್ನು ಕುಡಿತಕ್ಕೆ ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಚೆನ್ನೈಯಲ್ಲಿ ಚಿಕಿತ್ಸಾ ಸಂಸ್ಥೆ ಕಟ್ಟಿದರು. ಆಸ್ಪತ್ರೆಯವರೆಗೆ ಬರಲಾಗದ ಕೂಲಿಕಾರರಿಗಾಗಿ ಆ ಸಂಸ್ಥೆ ಎಂಬತ್ತರ ದಶಕದ ಕೊನೆಗೆ ಕಾವೇರಿ ಬಯಲಿನ ಮಂಜಕ್ಕುಡಿಯಲ್ಲಿ ಶಿಬಿರ ಹೂಡಿತು. ವೈದ್ಯರು ಮತ್ತು ಸಲಹೆಗಾರರು ಹೊರಗಿನಿಂದ ಬಂದರೆ, ಜಾಗ ಮತ್ತು ಅನ್ನ ಊರಿನದು.

ಊರಿನ ಕೈಯೇ ಬೇಕಾಗುವುದಕ್ಕೆ ಕಾರಣವಿದೆ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಮದ್ಯಕ್ಕೆ ದಾಸರಾದವರು ದೇಶದಲ್ಲಿ ಸುಮಾರು 2.9 ಕೋಟಿ ಎಂದು ಅದು ಲೆಕ್ಕ ಹಾಕಿತು. ಅಂಥವರಲ್ಲಿ 38 ಮಂದಿಗೆ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದಕ್ಕಿದೆ ಎಂದೂ ಹೇಳಿತು. ಉಳಿದ 37 ಮಂದಿ ಎಲ್ಲಿದ್ದಾರೆ? ತೋಟದ ಶೆಡ್ಡಿನಲ್ಲಿ, ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ, ಮುಚ್ಚಿದ ಅಂಗಡಿಯ ಜಗಲಿಯಲ್ಲಿ. ಅವರ ಜಾಗ, ಅವರ ಅಡ್ಡಹೆಸರು, ಅವರ ಮಕ್ಕಳು ಓದುವ ಶಾಲೆ ಎಲ್ಲವೂ ಗೊತ್ತಿರುವುದು ಊರಿಗೆ.

ಶಿಬಿರದ ಮುನ್ನಾದಿನ, ಶನಿವಾರ ಮಧ್ಯಾಹ್ನ ಹೊರೆಕಾಣಿಕೆ. ದೇವಸ್ಥಾನದ ಬ್ರಹ್ಮಕಲಶಕ್ಕೆ ಹೇಗೆ ಊರೆಲ್ಲ ಹೊತ್ತು ತರುತ್ತದೆಯೋ ಹಾಗೆಯೇ ಇಲ್ಲೂ. ಜೀಪು, ಪಿಕಪ್, ಆಟೋಗಳು ಸಮುದಾಯ ಭವನದ ಮುಂದೆ ಸಾಲುಗಟ್ಟುತ್ತವೆ. ಕುಚ್ಚಲಕ್ಕಿಯ ಮೂಟೆಗಳು, ತೆಂಗಿನಕಾಯಿಯ ರಾಶಿ, ಬೂದಿ ಮೆತ್ತಿದ ಕುಂಬಳ, ಹಳದಿ ತಿರುಗಿದ ಸೌತೆ, ಬಾಳೆಗೊನೆ, ಬೆಲ್ಲ, ತಂಬಿಗೆಯಲ್ಲಿ ತುಪ್ಪ, ಒಣಸೌದೆ. ಒಬ್ಬ ಮುದುಕಿ ಹಿತ್ತಿಲ ಬಸಳೆಯನ್ನು ಬಾಳೆನಾರಿನಲ್ಲಿ ಕಟ್ಟಿ ತಂದಿದ್ದಾಳೆ. ಉಗ್ರಾಣದ ಬಾಗಿಲಲ್ಲಿ ಕೂತ ಮಾಷ್ಟ್ರು ಅದನ್ನೂ ಬರೆದುಕೊಳ್ಳುತ್ತಾರೆ: ಬಸಳೆ, ಒಂದು ಕಟ್ಟು. ಸಂಜೆ ಮೈಕಿನಲ್ಲಿ ಹೆಸರು ಓದುವಾಗ ಭಟ್ಟರ ತೆಂಗಿನಕಾಯಿಯ ಹಿಂದೆಯೇ ಆ ಬಸಳೆಯೂ ಬರುತ್ತದೆ. ಒಟ್ಟು ಖರ್ಚಿನ ಒಂದು ಪಾಲು ಯೋಜನೆಯಿಂದ ಬರುವುದಾದರೂ ಒಲೆಯ ಮೇಲೆ ಬೇಯುವುದು ಊರಿನ ಪಾಲೇ.

ಆದಿತ್ಯವಾರ ಬೆಳಿಗ್ಗೆ ಅವರು ಬರತೊಡಗುತ್ತಾರೆ. ಹೆಚ್ಚಿನವರ ಜೊತೆ ಹೆಂಡತಿಯೋ ತಾಯಿಯೋ ಅಣ್ಣನೋ ಇದ್ದಾರೆ. ಕೆಲವರು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದಾರೆ, ಮದುವೆಗೆ ಹೊರಟವರ ಹಾಗೆ. ಕೆಲವರು ಈಗಲೂ ವಾಸನೆ ಬರುತ್ತಿರುವ ಬಾಯಿಗೆ ಟವೆಲ್ಲು ಅಡ್ಡ ಹಿಡಿದಿದ್ದಾರೆ. ಮೇಜಿನ ಹತ್ತಿರ ಮೊಬೈಲು, ಬೀಡಿ ಕಟ್ಟು, ಜೇಬಿನ ದುಡ್ಡು ಒಪ್ಪಿಸಬೇಕು. ಡಾಕ್ಟರು ರಕ್ತದೊತ್ತಡ ನೋಡುತ್ತಾರೆ, ಕಣ್ಣಿನ ರೆಪ್ಪೆ ಎಳೆದು ಹಳದಿ ಇದೆಯೇ ಎಂದು ಪರೀಕ್ಷಿಸುತ್ತಾರೆ, ಹಿಂದೆ ಫಿಟ್ಸ್ ಬಂದಿತ್ತೇ ಎಂದು ಮನೆಯವರನ್ನು ಕೇಳುತ್ತಾರೆ. ಅಪಾಯ ಕಂಡವರನ್ನು ಶಿಬಿರದಲ್ಲಿ ಇಟ್ಟುಕೊಳ್ಳದೆ ಆಸ್ಪತ್ರೆಗೆ ಕಳುಹಿಸುತ್ತಾರೆ.

ಸಾಲಿನ ಕೊನೆಯಲ್ಲಿ ಒಬ್ಬ ಒಂಟಿಯಾಗಿ ನಿಂತಿದ್ದಾನೆ. ಮನೆಯವರು ಯಾರು ಎಂದು ಕೇಳಿದರೆ ಉತ್ತರವಿಲ್ಲ. ಅವನನ್ನು ಕರೆತಂದವರು ಬಸ್‌ಸ್ಟ್ಯಾಂಡಿನ ಹೋಟೆಲಿನವರು. "ನನ್ನ ಹೋಟೆಲಿನ ಜಗಲಿಯಲ್ಲೇ ಮಲಗುವುದು ಇವ. ರಬ್ಬರ್ ಟ್ಯಾಪಿಂಗಿನಲ್ಲಿ ಒಳ್ಳೆ ಕೈ ಇತ್ತು. ಮನೆಯವರ ಜಾಗದಲ್ಲಿ ನನ್ನ ಹೆಸರೇ ಬರೆಯಿರಿ" ಅನ್ನುತ್ತಾರೆ ಅವರು.

ಕುಡಿತ ಬಿಡುವವನಿಗೆ ಎರಡನೆಯ ಮತ್ತು ಮೂರನೆಯ ರಾತ್ರಿ ಅತಿ ಕಷ್ಟದವು. ವರ್ಷಗಟ್ಟಲೆ ಮದ್ಯಕ್ಕೆ ಒಗ್ಗಿದ ಮಿದುಳು ಅದು ಇದ್ದಕ್ಕಿದ್ದಂತೆ ನಿಂತಾಗ ಕೆರಳುತ್ತದೆ. ಕೈ ನಡುಗುತ್ತದೆ, ಮೈ ಬೆವರುತ್ತದೆ, ನಿದ್ದೆ ಹತ್ತುವುದಿಲ್ಲ. ಕೆಲವರಿಗೆ ಗೋಡೆಯ ಮೇಲೆ ಹುಳ ಹರಿದಾಡಿದಂತೆ ಕಾಣುತ್ತದೆ, ಯಾರೋ ಕರೆದಂತೆ ಕೇಳುತ್ತದೆ. ಸರಿಯಾದ ಮಾತ್ರೆ, ಬಿ1 ಜೀವಸತ್ವದ ಚುಚ್ಚುಮದ್ದು ಮತ್ತು ಕಣ್ಣಿಟ್ಟು ಕಾಯುವವರು ಇಲ್ಲದಿದ್ದರೆ ಈ ಹಂತ ಜೀವಕ್ಕೇ ಎರವಾಗಬಹುದು. ಆದ್ದರಿಂದ ಇಡೀ ರಾತ್ರಿ ಭವನದ ದೀಪ ಆರಿಸುವುದಿಲ್ಲ. ನರ್ಸಿನ ಜೊತೆ ಇಬ್ಬರು ಸ್ವಯಂಸೇವಕರು ಎಚ್ಚರವಿದ್ದು ಚಾಪೆಗಳ ನಡುವೆ ಓಡಾಡುತ್ತಾರೆ. ಅಡಿಕೆ ಮರ ಏರುವವನ ಪಾಳಿ ಹನ್ನೆರಡರಿಂದ ನಾಲ್ಕು. ನಡುಗುವ ಕೈಗೆ ಬೆಲ್ಲದ ನೀರಿನ ಲೋಟ ಹಿಡಿಸುತ್ತಾ, "ನಾಳೆ ರಾತ್ರಿ ಒಂದು ದಾಟಿಸು ಮಾರಾಯ, ಮತ್ತೆ ಇಳೀತದೆ. ನನಗೂ ಹೀಗೇ ಆಗಿತ್ತು" ಎನ್ನುತ್ತಾನೆ. ತಾನು ಮಲಗಿದ್ದ ಮೂಲೆಯನ್ನೂ ತೋರಿಸುತ್ತಾನೆ.

ನಾಲ್ಕನೆಯ ದಿನಕ್ಕೆ ಹಸಿವು ಮರಳುತ್ತದೆ. ಅಡುಗೆಮನೆಯ ಹೆಂಗಸರಿಗೆ ಅದು ಮೊದಲು ತಿಳಿಯುತ್ತದೆ, ಏಕೆಂದರೆ ಗಂಜಿಯ ಹಂಡೆ ಬೇಗ ಖಾಲಿಯಾಗುತ್ತದೆ. ಯೋಜನೆಯ ಮಹಿಳಾ ಕೂಟಗಳಾದ ಜ್ಞಾನವಿಕಾಸ ಕೇಂದ್ರಗಳ ಹೆಂಗಸರು ಪಾಳಿ ಹಾಕಿಕೊಂಡು ಬರುತ್ತಾರೆ. ತೆಂಗಿನಕಾಯಿ ತುರಿಯುವವರು, ಸೌತೆ ಹೆಚ್ಚುವವರು, ಹುರಿದ ಕೊತ್ತಂಬರಿ ಅರೆಯುವವರು. ಅವರಲ್ಲಿ ಎಷ್ಟೋ ಜನ ಕುಡುಕ ಗಂಡನ ಹೊಡೆತ ತಿಂದವರು. ಬೇರೆಯವರ ಗಂಡಂದಿರಿಗೆ ಅವರು ಬಡಿಸುವ ಕೈಯಲ್ಲಿ ಸಿಟ್ಟಿಲ್ಲ. "ಒಂದು ಸವುಟು ಹೆಚ್ಚೇ ಹಾಕುವುದು. ಹೊಟ್ಟೆ ತುಂಬಿದರೆ ಆ ಕಡೆ ಮನಸ್ಸು ಹೋಗುವುದು ಕಡಿಮೆ" ಎಂದು ಹುಳಿಯ ಪಾತ್ರೆ ಹಿಡಿದಾಕೆ ಹೇಳುತ್ತಾಳೆ.

ಬೆಳಿಗ್ಗೆ ಯೋಗ, ಭಜನೆ. ಆಮೇಲೆ ಗುಂಪು ಸಲಹೆ. ಹತ್ತು ಹನ್ನೆರಡು ಜನ ವೃತ್ತವಾಗಿ ಕೂತು ಒಬ್ಬೊಬ್ಬರೇ ಮಾತಾಡುತ್ತಾರೆ. ಮಗಳ ಶಾಲೆಯ ಫೀಸು ಕುಡಿದದ್ದು, ತಾಯಿಯ ಕಿವಿಯ ಬೆಂಡೋಲೆ ಅಡವಿಟ್ಟದ್ದು, ತಂದೆಯ ಉತ್ತರಕ್ರಿಯೆಯ ದಿನವೂ ಪ್ರಜ್ಞೆಯಿಲ್ಲದೆ ಬಿದ್ದಿದ್ದು. ಹೋಟೆಲ್ ಜಗಲಿಯವನು ಆರನೆಯ ದಿನ ಮಾತಾಡಿದ. ಮನೆಯಿಂದ ತನ್ನನ್ನು ಯಾರೂ ಹೊರಹಾಕಲಿಲ್ಲ, ತಾನು ಕುಡಿದು ಬಂದ ರಾತ್ರಿಗಳಲ್ಲಿ ಹೆಂಡತಿ ಎರಡು ಮಕ್ಕಳನ್ನು ಎಳೆದುಕೊಂಡು ಪಕ್ಕದ ಮನೆಯ ದನದ ಹಟ್ಟಿಯಲ್ಲಿ ಮಲಗುತ್ತಿದ್ದಳು, ಕೊನೆಗೆ ತವರಿಗೆ ಹೋದಳು, ಜಾಗ ಮಾರಿಹೋಯಿತು ಎಂದ. ಮನೆ ಇಲ್ಲದವನಾಗುವ ಬಹಳ ಮೊದಲೇ ಅವನು ಮೂರು ಜನರನ್ನು ಮನೆ ಇಲ್ಲದವರನ್ನಾಗಿ ಮಾಡಿದ್ದ. ಕುಡಿತವೂ ಸೂರಿಲ್ಲದಿರುವುದೂ ಹೀಗೆ ಒಂದೇ ಬೇರಿನಿಂದ ಕವಲೊಡೆಯುತ್ತವೆ, ಒಂದನ್ನು ಬಿಟ್ಟು ಇನ್ನೊಂದನ್ನು ಕೀಳಲು ಬರುವುದಿಲ್ಲ.

ಏಳನೆಯ ದಿನ ಮನೆಯವರ ದಿನ. ಹೆಂಡತಿ ಮಕ್ಕಳು ಬಂದು ಎದುರುಬದುರು ಕೂರುತ್ತಾರೆ. ಚಪ್ಪರದ ತುಂಬ ಮೂಗೆಳೆಯುವ ಸದ್ದು. ಬೀಡಿ ಕಟ್ಟುವಾಕೆಯ ಗಂಡ ಮಗಳ ತಲೆ ಸವರಲು ಕೈ ಎತ್ತುತ್ತಾನೆ. ಆ ಕೈ ಮೇಲೆದ್ದರೆ ಹಿಂದೆ ಸರಿದು ಅಭ್ಯಾಸವಾದ ಹುಡುಗಿ ಈಗಲೂ ಸರಿಯುತ್ತಾಳೆ, ತಾಯಿ ಬೆನ್ನಿಗೆ ಕೈಯಿಟ್ಟಾಗ ಮೆಲ್ಲನೆ ಮುಂದೆ ಬರುತ್ತಾಳೆ. ಜಗಲಿಯವನ ಎದುರಿನ ಕುರ್ಚಿ ಖಾಲಿ. ಅದನ್ನು ಕಂಡ ಮಾಷ್ಟ್ರು ಹೋಗಿ ಅಲ್ಲಿ ಕೂರುತ್ತಾರೆ.

ಎಂಟನೆಯ ದಿನ ಸಂಕಲ್ಪ, ಸಭೆ, ಊಟ. ಹೊಸಬರನ್ನು ನವಜೀವನ ಸಮಿತಿಗೆ ಸೇರಿಸಿಕೊಳ್ಳುತ್ತಾರೆ. ಹಿಂದಿನ ಶಿಬಿರಗಳಲ್ಲಿ ಬಿಟ್ಟವರೇ ಸೇರಿ ಕಟ್ಟಿಕೊಂಡ ಗುಂಪು ಇದು. ವಾರಕ್ಕೊಮ್ಮೆ ಸೇರಬೇಕು, ಎಡವಿದವನನ್ನು ಹುಡುಕಿಕೊಂಡು ಹೋಗಬೇಕು, ನೂರು ದಿನ ತುಂಬಿದಾಗ ಶತದಿನೋತ್ಸವ ಮಾಡಬೇಕು. ಮಧ್ಯಾಹ್ನ ಮೂರರ ಹೊತ್ತಿಗೆ ಆಟೋಗಳು ಹೊರಡುತ್ತವೆ. ಶಾಮಿಯಾನ ಬಿಚ್ಚುತ್ತಾರೆ. ಒಬ್ಬನ ಚೀಲ ಮಾತ್ರ ಕಂಬದ ಬುಡದಲ್ಲೇ ಇದೆ. ಹೋಟೆಲಿನ ಜಗಲಿಗೆ ಮರಳಿದರೆ ಅದರ ಎದುರಿಗೇ ವೈನ್‌ಶಾಪು, ಸಂಜೆ ಬರುವುದು ಅದೇ ಹಳೆಯ ಜೊತೆಗಾರರು. ಸಮಿತಿಯವರು ಉಗ್ರಾಣದಲ್ಲಿ ನಿಂತೇ ಮಾತಾಡಿಕೊಳ್ಳುತ್ತಾರೆ. ಭಜನಾ ಮಂದಿರದ ಪಾತ್ರೆ ಕೋಣೆಯಲ್ಲಿ ಇರಿಸಬಹುದೇ ಎಂದು ಒಬ್ಬರು, ಏನಾದರೂ ಹೆಚ್ಚುಕಮ್ಮಿಯಾದರೆ ಯಾರು ಜವಾಬ್ದಾರಿ ಎಂದು ಇನ್ನೊಬ್ಬರು. ಕೊನೆಗೆ ಅಧ್ಯಕ್ಷರು, "ಒಂದು ತಿಂಗಳು ಇರಲಿ, ಮತ್ತೆ ನೋಡುವ" ಎಂದು ಬೀಗದಕೈ ಕೊಡುತ್ತಾರೆ. ಒಳ್ಳೆಯ ಮನಸ್ಸಿನ ಅಧ್ಯಕ್ಷರಿದ್ದರು, ಒಂದು ಕೋಣೆ ಖಾಲಿ ಇತ್ತು, ಆದ್ದರಿಂದ ಆಯಿತು. ಎರಡರಲ್ಲಿ ಒಂದು ಇಲ್ಲದ ಊರಿನಲ್ಲಿ ಅವನು ಆ ರಾತ್ರಿಯೇ ಹಳೆಯ ಜಗಲಿಗೆ ಹೋಗುತ್ತಿದ್ದ.

ನಾನು ಹೇಳಬೇಕಾದ ಮಾತು ಇಲ್ಲಿಯದು. ಎಂಟು ದಿನಕ್ಕೆ ನಮ್ಮ ಊರುಗಳು ಧಾರಾಳವಾಗಿ ಕೊಡುತ್ತವೆ. ಅದರಲ್ಲಿ ಹಬ್ಬದ ಸಂಭ್ರಮವಿದೆ, ಮೈಕಿದೆ, ಊಟವಿದೆ. ಒಂಬತ್ತನೆಯ ದಿನಕ್ಕೆ ಯಾರೂ ರಶೀದಿ ಪುಸ್ತಕ ಹಿಡಿದು ಬರುವುದಿಲ್ಲ. ಬಿಟ್ಟವನು ಮತ್ತೆ ಹಿಡಿಯುವ ಅಪಾಯ ಹೆಚ್ಚಿರುವುದು ಮೊದಲ ಕೆಲವು ತಿಂಗಳುಗಳಲ್ಲಿ. ಆ ತಿಂಗಳುಗಳಲ್ಲಿ ಅವನಿಗೆ ಬೇಕಾದದ್ದು ಹಳೆಯ ಜಾಗದಿಂದ ದೂರದಲ್ಲಿ ಮಲಗಲು ಒಂದು ಕೋಣೆ, ಬಿಡದೆ ಕೆಲಸ ಕೊಡುವ ಒಬ್ಬ ಯಜಮಾನ, ವಾರದ ಸಭೆಗೆ ಬಸ್ಸಿನ ದುಡ್ಡು, ಡಾಕ್ಟರ ಮಾತ್ರೆ. ಇದ್ಯಾವುದೂ ಹೊರೆಕಾಣಿಕೆಯಲ್ಲಿ ಬರುವುದಿಲ್ಲ.

ಸರ್ಕಾರ ಕೊಡಲಿ ಎನ್ನಬಹುದು. ಕೊಡಲೇಬೇಕು. ರಾಜ್ಯದ 2025-26ರ ಬಜೆಟ್ಟು ಅಬಕಾರಿಯಿಂದ 40,000 ಕೋಟಿ ರೂಪಾಯಿಯ ಗುರಿ ಇಟ್ಟುಕೊಂಡಿತ್ತು. ಆ ದುಡ್ಡು ಯಾರ ಮನೆಯಿಂದ ಹೊರಟದ್ದು ಎಂಬುದನ್ನು ಬೀಡಿ ಕಟ್ಟುವಾಕೆಗೆ ಬಿಡಿಸಿ ಹೇಳಬೇಕಿಲ್ಲ. ಸೂರಿಲ್ಲದವರ ಲೆಕ್ಕವನ್ನೂ ನೋಡೋಣ. 2011ರ ಜನಗಣತಿಯಂತೆ ದೇಶದಲ್ಲಿ ಮನೆಯಿಲ್ಲದವರು 17.7 ಲಕ್ಷ, ಅವರಲ್ಲಿ 8.3 ಲಕ್ಷಕ್ಕೂ ಹೆಚ್ಚು ಮಂದಿ ಹಳ್ಳಿಗಾಡಿನವರು. ಒಂದು ಲಕ್ಷ ಜನರಿಗೆ ನೂರು ಮಂದಿ ಮಲಗುವಷ್ಟು ಆಶ್ರಯ ಇರಬೇಕೆಂಬ ನಿಯಮ 2013ರಲ್ಲಿ ಬಂದದ್ದು ನಗರಗಳಿಗೆ ಮಾತ್ರ. ಹಳ್ಳಿಯ ಜಗಲಿಯಲ್ಲಿ ಮಲಗುವವನು ಆ ನಿಯಮದ ಹೊರಗೇ ಉಳಿದ.

ಆದರೆ ದುಡ್ಡು ಬಂದರೆ ಮಾತ್ರ ಸಾಲದು ಎಂಬುದಕ್ಕೂ ನಮ್ಮಲ್ಲೇ ನಿದರ್ಶನವಿದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಂತೆ ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಜೊತೆ ಶೇ. 3ರಷ್ಟು ಭಿಕ್ಷುಕರ ಕರ ವಸೂಲಾಗುತ್ತದೆ. ಮನೆ ತೆರಿಗೆ ಕಟ್ಟುವ ಲಕ್ಷಾಂತರ ಜನ ಗೊತ್ತಿದ್ದೋ ಗೊತ್ತಿಲ್ಲದೆಯೋ ನಿರಾಶ್ರಿತರಿಗೆ ಚಂದಾ ಕೊಡುತ್ತಲೇ ಇದ್ದಾರೆ. ಆ ದುಡ್ಡಿನಿಂದಲೇ ನಡೆಯುವ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಸಾಲು ಸಾವುಗಳಾದವು, ನಾಡು ತಲೆತಗ್ಗಿಸಿತು. ಅಲ್ಲಿ ದುಡ್ಡು ತೆತ್ತವರು ಒಳಗೆ ಮಲಗಿದವರ ಮುಖ ಕಂಡಿರಲಿಲ್ಲ. ಘಟ್ಟದ ಬುಡದ ಈ ಹಳ್ಳಿಯಲ್ಲಿ ಬಸಳೆ ಕೊಟ್ಟ ಮುದುಕಿಗೆ ಅದನ್ನು ಉಂಡವರ ಹೆಸರು ಗೊತ್ತು. ಕುಡಿತ ಬಿಟ್ಟವನಿಗೂ ತಾನು ಯಾರ ಅನ್ನ ಉಂಡೆ ಎಂಬುದು ಗೊತ್ತು. ವೈನ್‌ಶಾಪಿನ ಮುಂದೆ ಅವನ ಕಾಲು ತಡೆಯುವಾಗ ಈ ಗುರುತು ಕೆಲಸಕ್ಕೆ ಬರುತ್ತದೆ. ಊರ ಚಂದಾದ ಬಲ ಅದರ ಮೊತ್ತಕ್ಕಿಂತ ಹೆಚ್ಚಾಗಿ ಈ ಗುರುತಿನಲ್ಲಿದೆ.

ಎಲ್ಲರೂ ಉಳಿಯುವುದಿಲ್ಲ. ಕೆಲವರು ತಿಂಗಳೊಳಗೆ ಮತ್ತೆ ಹಿಡಿಯುತ್ತಾರೆ, ಅದನ್ನು ಮುಚ್ಚಿಡುವುದು ಬೇಡ. ಸಕ್ಕರೆ ಕಾಯಿಲೆಯವನು ಒಮ್ಮೆ ತಪ್ಪಿ ಸಿಹಿ ತಿಂದರೆ ನಾವು ಚಿಕಿತ್ಸೆ ನಿಲ್ಲಿಸುವುದಿಲ್ಲ. ಇವನ ವಿಷಯದಲ್ಲಿ ಮಾತ್ರ "ನಾವು ಹೇಳಿದ್ದೆವಲ್ಲ" ಎಂದು ಕೈಬಿಡುವುದು ನ್ಯಾಯವಲ್ಲ.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೇಳಿಕೆ. ಮುಂದಿನ ಸಲ ಶಿಬಿರದ ರಶೀದಿ ಪುಸ್ತಕ ನಿಮ್ಮ ಅಂಗಳಕ್ಕೆ ಬಂದಾಗ ಕೊಡಿ, ಕೈಲಾದಷ್ಟು ಕೊಡಿ. ಕೊಡುವಾಗ ಎರಡು ಪ್ರಶ್ನೆ ಕೇಳಿ: ಶಿಬಿರ ಮುಗಿದ ಮೇಲಿನ ನೂರು ದಿನಗಳಿಗೆ ಎಷ್ಟು ತೆಗೆದಿಟ್ಟಿದ್ದೀರಿ? ಮನೆಯಿಲ್ಲದೆ ಬಂದವನನ್ನು ಎಂಟನೆಯ ದಿನ ಎಲ್ಲಿಗೆ ಕಳುಹಿಸುತ್ತೀರಿ? ಸಂಗ್ರಹವಾದ ಚಂದಾದಲ್ಲಿ ಐದರಲ್ಲಿ ಒಂದು ಪಾಲು ಬೇರೆಯಾಗಿ ಬ್ಯಾಂಕಿನಲ್ಲಿರಲಿ, ಅದರ ಲೆಕ್ಕ ನವಜೀವನ ಸಮಿತಿಯ ಕೈಯಲ್ಲಿರಲಿ. ಊರಿನಲ್ಲಿ ಒಂದು ಕೋಣೆ ಅದಕ್ಕೆಂದೇ ಮೀಸಲಾಗಲಿ, ಪಂಚಾಯ್ತಿಯದ್ದಾಗಲಿ, ಮಂದಿರ, ಮಸೀದಿ, ಇಗರ್ಜಿಯದ್ದಾಗಲಿ. ತೋಟವಿರುವವರು ಬಿಟ್ಟು ಬಂದವನಿಗೆ ನೂರು ದಿನದ ಕೆಲಸದ ಮಾತು ಕೊಡಿ. ಕೂಲಿಯನ್ನು ವಾರಕ್ಕೊಮ್ಮೆ, ಅವನ ಒಪ್ಪಿಗೆಯಿದ್ದರೆ ಮನೆಯಾಕೆಯ ಖಾತೆಗೆ ಹಾಕಿ. ನಿಮ್ಮ ಊರಿನಲ್ಲಿ ಶಿಬಿರವೇ ಇಲ್ಲದಿದ್ದರೆ 14446 ಎಂಬ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದು ವ್ಯಸನ ಬಿಡುವವರಿಗಾಗಿ ಕೇಂದ್ರ ಸರ್ಕಾರ ನಡೆಸುವ ಉಚಿತ ಸಹಾಯವಾಣಿ. ಜಗಲಿಯಲ್ಲಿ ಮಲಗಿದವನ ಹತ್ತಿರ ಫೋನು ಇರುವುದಿಲ್ಲ, ಅವನ ಪರವಾಗಿ ನೀವೇ ಕರೆ ಮಾಡಿ.